ಆಯ ತಪ್ಪುವ ಮುನ್ನ

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ ಹೋಬಳಿಯ ತೋಟದ ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತು ನಡೆಯುವ ಹೆಂಗಸು ತನ್ನ ಕಾಲಿನ ಕಡೆ ನೋಡುವುದಿಲ್ಲ. ಹೆಜ್ಜೆ ಕೊಂಚ ಜಾರಿದರೆ ಸೊಂಟ ತಾನಾಗಿ ವಾಲುತ್ತದೆ, ಕೈ ತಾನಾಗಿ ಚಾಚುತ್ತದೆ, ಹೊರೆ ಬೀಳುವುದಿಲ್ಲ. ಅದೇ ಮನೆಯ ಹಿರಿಯರು ಮುಖ ತೊಳೆಯಲು ಕಣ್ಣು ಮುಚ್ಚಿದ್ದೇ ತಡ, ಆಯ ತಪ್ಪಿ ಬಚ್ಚಲ ಗೋಡೆ ಹಿಡಿಯುತ್ತಾರೆ. ‘ವಯಸ್ಸಾಯಿತು’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಆಸ್ಪತ್ರೆಯ ಮಾತು ಬರುವುದು ಬಿದ್ದು ಮೂಳೆ ಮುರಿದ ಮೇಲೆ.

ಬೀಳುವ ಮೊದಲೇ ಇದನ್ನು ಪತ್ತೆ ಮಾಡಬಹುದೆ? ಈ ಪ್ರಶ್ನೆಗೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಚರಿತ್ರೆಯಿದೆ. ಅದರ ಒಂದು ಅಧ್ಯಾಯ ನಮ್ಮ ಬೆಂಗಳೂರಿನದು.

ಬಚ್ಚಲಿನ ಆ ಪ್ರಸಂಗವನ್ನೇ ಪರೀಕ್ಷೆಯಾಗಿ ಮಾಡಿದವರು ಬರ್ಲಿನ್ನಿನ ವೈದ್ಯ ಮೊರಿಟ್ಜ್ ರೋಂಬರ್ಗ್. ಪಾದ ಜೋಡಿಸಿ ನಿಂತು ಕಣ್ಣು ಮುಚ್ಚಿದರೆ ಬೆನ್ನುಹುರಿ ಕೆಟ್ಟ ರೋಗಿ ಜೋಲಿ ಹೊಡೆಯುತ್ತಾನೆಂದು 1840ರ ದಶಕದಲ್ಲಿ ಅವರು ಬರೆದರು. ಕಾಲಿನಿಂದ ಬರಬೇಕಾದ ಸುದ್ದಿ ಮಿದುಳಿಗೆ ಮುಟ್ಟದಿದ್ದಾಗ ಮನುಷ್ಯ ಕಣ್ಣನ್ನೇ ನಂಬಿ ನಿಂತಿರುತ್ತಾನೆ. ಕಣ್ಣು ಮುಚ್ಚಿತೋ, ಆಸರೆ ಹೋಯಿತು. ಕಣ್ಣು, ಒಳಕಿವಿ, ಕೀಲು ಮತ್ತು ಅಂಗಾಲು ಕಳಿಸುವ ಸುದ್ದಿಗಳು ಸೇರಿದಾಗಲೇ ನಿಲುವು ಎಂಬುದು ಕ್ರಮೇಣ ಸ್ಪಷ್ಟವಾಯಿತು. ಒಳಕಿವಿಯ ಪಾತ್ರವನ್ನು ಬಿಡಿಸಿದ ವಿಯೆನ್ನಾದ ರಾಬರ್ಟ್ ಬಾರಾನಿ ಅವರಿಗೆ 1914ರ ನೊಬೆಲ್ ಪ್ರಶಸ್ತಿ ಸಂದಿತು.

ಆದರೆ ನೋಡುವುದು ಬೇರೆ, ಅಳೆಯುವುದು ಬೇರೆ. ಮೊದಲ ಉಪಕರಣಗಳು ಈಗ ನಗು ತರಿಸುವಂತಿವೆ. ತಲೆಗೆ ಕಟ್ಟಿದ ಕಡ್ಡಿಯೊಂದು ಹೊಗೆಮಸಿ ಹಿಡಿಸಿದ ಹಾಳೆಯ ಮೇಲೆ ಗೀರೆಳೆಯುವಂತೆ ಮಾಡಿ ಹತ್ತೊಂಬತ್ತನೆಯ ಶತಮಾನದವರು ಮನುಷ್ಯನ ಓಲಾಟವನ್ನು ದಾಖಲಿಸಿಕೊಂಡರು. ಹಾಳೆಯ ಮೇಲೆ ಮೂಡಿದ್ದು ಚುಕ್ಕೆಯಲ್ಲ, ಗೋಜಲು ಗೆರೆಗಳು! ಕಂಬದಂತೆ ನಿಂತಿದ್ದೇನೆಂದು ಬೀಗುವವನೂ ಪ್ರತಿಕ್ಷಣ ಕೂದಲೆಳೆಯಷ್ಟು ವಾಲುತ್ತ, ಸರಿಪಡಿಸಿಕೊಳ್ಳುತ್ತ ಇರುತ್ತಾನೆ.

ಈ ಸರಿಪಡಿಸುವ ಕೆಲಸ ಯಾರದು? ಉತ್ತರಕ್ಕೆ ವಿದ್ಯುತ್ತಿನ ನೆರವು ಬೇಕಾಯಿತು. ಸ್ನಾಯು ಬಿಗಿಯುವಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಚರ್ಮದ ಮೇಲಿಟ್ಟ ಬಿಲ್ಲೆಗಳಿಂದ ಹಿಡಿಯುವ ವಿಧಾನ ಬೆಳೆದುಬಂತು. ಜರ್ಮನಿಯ ಹಾನ್ಸ್ ಬರ್ಗರ್ ನೆತ್ತಿಯ ಮೇಲಿನಿಂದಲೇ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ 1929ರಲ್ಲಿ ಪ್ರಕಟಿಸಿದರು. ನಾವು ಇ.ಇ.ಜಿ. ಎನ್ನುವುದು ಅದನ್ನೇ.

1967ರಲ್ಲಿ ಸೋವಿಯತ್ ವಿಜ್ಞಾನಿಗಳು ಒಂದು ಸೋಜಿಗವನ್ನು ಕಂಡರು. ನಿಂತವನಿಗೆ ಥಟ್ಟನೆ ತೋಳೆತ್ತಲು ಹೇಳಿದರೆ ಮೊದಲು ಬಿಗಿಯುವುದು ತೋಳಲ್ಲ, ಕಾಲು! ತೋಳು ಮುಂದೆ ಹೋದರೆ ಮೈ ವಾಲುತ್ತದೆಂದು ಮಿದುಳಿಗೆ ಮೊದಲೇ ಗೊತ್ತು. ಅದಕ್ಕೆ ಬೇಕಾದ ಏರ್ಪಾಡನ್ನು ಅದು ಮುಂಚಿತವಾಗಿಯೇ ಮಾಡಿರುತ್ತದೆ. ಆಮೇಲೆ ಅಲುಗುವ ಹಲಗೆಗಳು ಬಂದವು. ಕಾಲ ಕೆಳಗಿನ ಹಲಗೆ ದಿಢೀರನೆ ಸರಿದರೆ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲೇ ಮೀನಖಂಡದ ಸ್ನಾಯು ಬಿಗಿಯುತ್ತದೆ. ಯೋಚಿಸಿ ಮಾಡುವ ಚಲನೆಗೆ ಅಷ್ಟು ಸಮಯ ಸಾಲದು. ಹಾಗಿದ್ದರೆ ಮಿದುಳಿಗೆ ಇದರಲ್ಲಿ ಕೆಲಸವೇ ಇಲ್ಲವೆ? ಇದೆ. ಹಲಗೆ ಸರಿದ ಸ್ವಲ್ಪ ಹೊತ್ತಿಗೆ ನೆತ್ತಿಯ ನಡುವೆ ಒಂದು ದೊಡ್ಡ ಅಲೆ ಏಳುವುದನ್ನು 1984ರಲ್ಲಿ ದಾಖಲಿಸಲಾಯಿತು. ಹಲಗೆ ಯಾವಾಗ ಸರಿಯುತ್ತದೆಂದು ಮೊದಲೇ ತಿಳಿದಿದ್ದರೆ ಈ ಅಲೆ ತಗ್ಗುತ್ತದೆ. ನಿರೀಕ್ಷೆ ತಪ್ಪಿದ್ದನ್ನು ಮಿದುಳು ಗುರುತಿಸಿದ ಸದ್ದು ಅದೆಂದು ಹಲವು ವಿಜ್ಞಾನಿಗಳು ಅರ್ಥೈಸುತ್ತಾರೆ.

ಈ ಏರ್ಪಾಡು ಕೆಡುವ ಕಾಯಿಲೆಗಳಲ್ಲಿ ಪಾರ್ಕಿನ್ಸನ್ ಒಂದು. ಕೈ ನಡುಕ ಎಲ್ಲರ ಕಣ್ಣಿಗೆ ಬೀಳುತ್ತದೆ, ಕುಗ್ಗುವ ಆಯ ಬೀಳುವುದಿಲ್ಲ. ಮಾತ್ರೆಯಿಂದ ಬಿಗಿತ ಎಷ್ಟೋ ಸಡಿಲವಾದರೂ ಸಮತೋಲನ ಅಷ್ಟು ಸುಲಭವಾಗಿ ಹಿಡಿತಕ್ಕೆ ಬಾರದು. ಇದನ್ನು ತಿಳಿಯಲು ವೈದ್ಯರು ಮಾಡುವುದು ಸರಳ ಪರೀಕ್ಷೆ: ರೋಗಿಯ ಹಿಂದೆ ನಿಂತು ಭುಜ ಹಿಡಿದು ಫಕ್ಕನೆ ಹಿಂದಕ್ಕೆ ಎಳೆಯುವುದು. ಒಂದೆರಡು ಹೆಜ್ಜೆಯಲ್ಲಿ ಸಾವರಿಸಿಕೊಂಡರೆ ತೊಂದರೆಯಿಲ್ಲವೆಂದು ಲೆಕ್ಕ.

ಈ ಲೆಕ್ಕವನ್ನು ಪರಿಶೀಲನೆಗೆ ಒಡ್ಡಿದ್ದು ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್. 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ಮೂಡಿದ ಸಂಸ್ಥೆಯಿದು. ಅಲ್ಲಿನ ನರರೋಗ ತಜ್ಞ ಡಾ. ಪ್ರಮೋದ್ ಕುಮಾರ್ ಪಾಲ್ ಮತ್ತು ಸಹೋದ್ಯೋಗಿಗಳು ಎಳೆತದ ಪರೀಕ್ಷೆಯಲ್ಲಿ ಪಾಸಾದ ಪಾರ್ಕಿನ್ಸನ್ ರೋಗಿಗಳನ್ನೇ ಅಲುಗುವ ಹಲಗೆಯ ಮೇಲೆ ನಿಲ್ಲಿಸಿ ಅಳೆದರು. ಕೈಗೆ ಸಿಗದ ದೋಷ ಹಲಗೆಗೆ ಸಿಕ್ಕಿತು. ರೋಗಿಗಳು ಎಡವುತ್ತಿದ್ದುದು ಓರೆ ದಿಕ್ಕುಗಳಲ್ಲಿ. 2010ರಲ್ಲಿ ಪ್ರಕಟವಾದ ಅವರ ಪ್ರಬಂಧ ಒಂದು ಸಲಹೆ ಮುಂದಿಟ್ಟಿತು: ನೇರ ಹಿಂದಕ್ಕೆ ಮಾತ್ರವಲ್ಲ, ಓರೆಯಾಗಿಯೂ ಎಳೆದು ನೋಡಿ.

ಯೋಚಿಸಿದರೆ ಇದು ಎಷ್ಟು ಸಹಜ! ಬದುವಿನ ಮೇಲಾಗಲಿ, ಬಚ್ಚಲಿನಲ್ಲಾಗಲಿ, ಯಾರೂ ಅಳೆದಿಟ್ಟ ಹಾಗೆ ನೇರ ಹಿಂದಕ್ಕೇ ಬೀಳುವುದಿಲ್ಲ. ಆದರೂ ಅದನ್ನು ತೋರಿಸಿಕೊಡಲು ಯಂತ್ರವೇ ಬೇಕಾಯಿತು. ಸಂಸ್ಥೆಯ ಸಂಶೋಧಕರು ಮುಂದೆ ಮೈಭಾರದ ಒಂದಷ್ಟನ್ನು ಮೇಲಿನಿಂದ ಎತ್ತಿಹಿಡಿದು, ಉರುಳುವ ಪಟ್ಟಿಯ ಮೇಲೆ ರೋಗಿಗಳನ್ನು ನಾಲ್ಕು ವಾರ ನಡೆಸಿ, ನಡಿಗೆಯೂ ಸಮತೋಲನವೂ ಸುಧಾರಿಸಿದ್ದನ್ನು ವರದಿ ಮಾಡಿದರು.

ಅಲುಗುವ ಹಲಗೆ ದುಬಾರಿ ಯಂತ್ರ. ಅದು ಹೋಬಳಿಯ ಆರೋಗ್ಯ ಕೇಂದ್ರಕ್ಕೆ ಬರುವ ಮಾತು ದೂರ. ಹಾಗೆಂದು ಶ್ರೀರಾಂಪುರದ ರೋಗಿಯೊಬ್ಬ ಹುಳಿಯಾರು, ತುಮಕೂರು ದಾಟಿ ಬೆಂಗಳೂರಿಗೆ ಪದೇ ಪದೇ ಓಡಾಡುವುದೂ ಸುಲಭವಲ್ಲ. ಆದರೆ ಓರೆ ಎಳೆತಕ್ಕೆ ಕರೆಂಟು ಬೇಡ, ಹಲಗೆಯೂ ಬೇಡ. ಹಿಂದೆ ನಿಂತು ಎಳೆಯಲು, ಬೀಳುವ ಮುನ್ನ ಹಿಡಿಯಲು, ತಿಳಿದ ವೈದ್ಯರ ಎರಡು ಕೈ ಇದ್ದರಾಯಿತು.