ಕಾರ್ಯಸ್ಥಳದಲ್ಲಿ ಒಂಟಿತನ: ಮೇಲಧಿಕಾರಿಗಳ ಹೊಣೆ ಮತ್ತು ಲಭ್ಯವಿರುವ ನೆರವು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳಲ್ಲಿ ಪರ ಜಿಲ್ಲೆಗಳಿಂದ ವರ್ಗವಾಗಿ ಬಂದು ಕುಟುಂಬವಿಲ್ಲದೆ ವಾಸಿಸುವ ನೌಕರರು, ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗಳ ರಾತ್ರಿ ಪಾಳಿಯಲ್ಲಿ ದುಡಿಯುವವರು, ಮನೆಯಲ್ಲಿಯೇ ಕುಳಿತು ಬೀಡಿ ಕಟ್ಟುವ ಮಹಿಳೆಯರು ಒಂಟಿತನಕ್ಕೆ ಒಳಗಾಗಬಹುದಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯನ್ವಯ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನವು ಬಾಧಿಸುತ್ತಿದೆ.

ಹೊಸದಾಗಿ ಕರ್ತವ್ಯಕ್ಕೆ ಹಾಜರಾದವರಿಗೆ, ವಿಶೇಷವಾಗಿ ಮರಾಠಿ ಮಾತು ಬಾರದವರಿಗೆ, ಸ್ಥಳೀಯ ಸಹೋದ್ಯೋಗಿಯೊಬ್ಬರನ್ನು ಜೊತೆಮಾಡಿಕೊಡುವುದು ಮುಖ್ಯಸ್ಥರ ಮೊದಲ ಕೆಲಸ. ಒಬ್ಬರನ್ನೇ ಸತತವಾಗಿ ರಾತ್ರಿ ಪಾಳಿಗೆ ನಿಯೋಜಿಸಬಾರದು. ಪದೇಪದೇ ಗೈರುಹಾಜರಾಗುವವರಿಗೆ ನೋಟಿಸು ನೀಡುವ ಮುನ್ನ ಪ್ರತ್ಯೇಕವಾಗಿ ಕರೆದು ಮಾತನಾಡಿಸುವುದು ಸೂಕ್ತ. ಬೀಡಿ ಕೆಲಸದಲ್ಲಿ ಕಟ್ಟಿದ ಮಾಲು ಒಪ್ಪಿಸಲು ಬರುವ ಹೊತ್ತೇ ಗುತ್ತಿಗೆದಾರರಿಗೆ ಕ್ಷೇಮ ವಿಚಾರಿಸಲು ಇರುವ ಅವಕಾಶ. ವರ್ಷಕ್ಕೊಮ್ಮೆ ಹಾರ ಹಾಕಿ ಚಹಾ ಕೊಟ್ಟ ಮಾತ್ರಕ್ಕೆ ಈ ಹೊಣೆ ತೀರುವುದಿಲ್ಲ.

ನೆರವು ಬಯಸುವವರು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಕನ್ನಡ, ಮರಾಠಿ ಎರಡರಲ್ಲಿಯೂ ಮಾತನಾಡಬಹುದು. ಅರ್ಜಿಯಾಗಲಿ, ಮೇಲಧಿಕಾರಿಯ ಪತ್ರವಾಗಲಿ ಬೇಕಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೇ ಪ್ರಕರಣದನ್ವಯ ಮಾನಸಿಕ ಅಸ್ವಸ್ಥತೆಯುಳ್ಳವರಿಗೆ ತಮ್ಮ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿರಿಸಿಕೊಳ್ಳುವ ಹಕ್ಕಿದೆ. ಕಾಯ್ದೆಯಲ್ಲಿ ಹೇಳಿರುವ ಸಂದರ್ಭಗಳ ಹೊರತು ಚಿಕಿತ್ಸಕರು ಅವುಗಳನ್ನು ಇತರರಿಗೆ ತಿಳಿಸುವಂತಿಲ್ಲ.