ಓಟೊ ರುಫ್: ಫ್ಲೋರೈಡುಗಳೂ ಇದ್ದಿಲೂ

ಫ್ಲೋರಿನ್ ಅನಿಲವನ್ನು 1886ರಲ್ಲಿ ಪ್ಯಾರಿಸಿನ ಆನ್ರಿ ಮ್ವಾಸಾಂ ಮೊದಲ ಬಾರಿಗೆ ಬೇರ್ಪಡಿಸಿದನು. ಈ ಧಾತುವಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅಲ್ಲಿಂದ ನೇರವಾಗಿ ಎರಡನೆಯ ಮಹಾಯುದ್ಧದ ಯುರೇನಿಯಂ ಕಾರ್ಖಾನೆಗಳಿಗೆ ಹಾರಿಬಿಡುತ್ತಾರೆ. ನಡುವಣ ಅರ್ಧ ಶತಮಾನದಲ್ಲಿ ಫ್ಲೋರೈಡುಗಳ ರಸಾಯನಕ್ಕೆ ತಳಹದಿ ಹಾಕಿದವರಲ್ಲಿ ಓಟೊ ರುಫ್ (1871–1939) ಅಗ್ರಗಣ್ಯನು. ಆದರೆ ನಮ್ಮ ವಿದ್ಯಾರ್ಥಿಗಳು ಅವನನ್ನು ಬಲ್ಲುದು ಸಕ್ಕರೆಯ ಅಣುವಿನಿಂದ ಒಂದು ಕಾರ್ಬನ್ ಪರಮಾಣುವನ್ನು ಕಳಚುವ ‘ರುಫ್ ಕ್ರಿಯೆ’ಯಿಂದ ಮಾತ್ರ.

ಆ ಕ್ರಿಯೆ 1898ರದು. ಆಗ ಅವನು ಬರ್ಲಿನ್ನಿನಲ್ಲಿ ಎಮಿಲ್ ಫಿಷರನ ಬಳಿ ಇದ್ದನು. ಮೊದಲು ಔಷಧಶಾಸ್ತ್ರವನ್ನು ಕಲಿತು ಬಂದ ಈ ತರುಣ ಸಾವಯವ ರಸಾಯನದಲ್ಲಿ ಹೆಸರು ಮಾಡುವ ಹೊತ್ತಿಗೇ ಅದನ್ನು ಬಿಟ್ಟು ನಿರವಯವ ರಸಾಯನಕ್ಕೆ ತಿರುಗಿದನು. 1904ರಲ್ಲಿ ಡಾನ್ಸಿಗ್ ನಗರದ ಹೊಸ ತಾಂತ್ರಿಕ ವಿದ್ಯಾಲಯದಲ್ಲಿಯೂ, 1916ರಿಂದ ಬ್ರೆಸ್ಲೌ ನಗರದಲ್ಲಿಯೂ ಪ್ರಾಧ್ಯಾಪಕನಾದನು. ಆಂಟಿಮನಿ ಪೆಂಟಾಫ್ಲೋರೈಡು 1904ರಲ್ಲಿ, ಟಂಗ್‌ಸ್ಟನ್ ಹೆಕ್ಸಾಫ್ಲೋರೈಡು 1905ರಲ್ಲಿ ಅವನ ಪ್ರಯೋಗಶಾಲೆಯಿಂದ ಹೊರಬಂದವು. ಕೆಲವೇ ವರ್ಷಗಳಲ್ಲಿ ಯುರೇನಿಯಂ ಹೆಕ್ಸಾಫ್ಲೋರೈಡೂ ಸಿದ್ಧವಾಯಿತು. ಸುಮಾರು 56 ಡಿಗ್ರಿ ಸೆಂಟಿಗ್ರೇಡಿನಲ್ಲಿ ಘನಸ್ಥಿತಿಯಿಂದ ನೇರವಾಗಿ ಆವಿಯಾಗುವ ಆ ಪದಾರ್ಥವು ಮೂರು ದಶಕಗಳ ತರುವಾಯ ಓಕ್ ರಿಡ್ಜ್‌ನಲ್ಲಿ ಐಸೊಟೋಪುಗಳನ್ನು ಬೇರ್ಪಡಿಸಲು ಬಳಕೆಯಾಗುವುದೆಂದು ಆಗ ಯಾರು ಊಹಿಸಿದ್ದರು?

ಕಾರ್ಬನ್ನಿನ ವಿಚಾರವು ಅವನನ್ನು ಎಂದೂ ಬಿಡಲಿಲ್ಲ. ಡಾನ್ಸಿಗ್‌ನಲ್ಲಿ ಕಬ್ಬಿಣ ಮತ್ತು ಕಾರ್ಬನ್ನುಗಳು ಅತ್ಯುಷ್ಣದಲ್ಲಿ ಬೆರೆಯುವ ಬಗೆಯನ್ನೂ, ಬ್ರೆಸ್ಲೌನಲ್ಲಿ ಕ್ರಿಯಾಶೀಲ ಇದ್ದಿಲಿನ ಹೀರುವ ಶಕ್ತಿಯನ್ನೂ ಪರೀಕ್ಷಿಸಿದನು. ಕೊನೆಗೆ ಈ ಎರಡು ದಾರಿಗಳೂ ಕೂಡಿದವು. ಮರದ ಇದ್ದಿಲು ಫ್ಲೋರಿನ್ನಿನಲ್ಲಿ ಕಾಯಿಸದೆಯೇ ಹೊತ್ತಿಕೊಳ್ಳುತ್ತದೆ. ಗ್ರಾಫೈಟಾದರೋ ಅಷ್ಟು ಸುಲಭವಾಗಿ ಮಣಿಯದು. 1934ರಲ್ಲಿ ರುಫ್ ಮತ್ತು ಅವನ ಸಂಗಡಿಗರು ಗ್ರಾಫೈಟನ್ನು ಸುಮಾರು 420 ಡಿಗ್ರಿಯಲ್ಲಿ ಫ್ಲೋರಿನ್ನಿಗೆ ಒಡ್ಡಿದಾಗ ಅದು ಉರಿದುಹೋಗದೆ ಬೂದು ಬಣ್ಣದ ಘನವಾಯಿತು. ಗ್ರಾಫೈಟಿನ ಪದರಗಳು ದೂರ ಸರಿದು ಫ್ಲೋರಿನ್ ಅವುಗಳ ನಡುವೆ ಸೇರಿಕೊಂಡಿತ್ತು. ವಿದ್ಯುತ್ತನ್ನು ಹರಿಯಗೊಡುವ ಗುಣ ಹೋಗಿತ್ತು. ಲಿಥಿಯಂ ವಿದ್ಯುತ್‌ಕೋಶಗಳಲ್ಲಿ ಇಂದು ಬಳಸುವ ಫ್ಲೋರೈಡು ಕಾರ್ಬನ್ನು ಇದೇ ಕುಲದ್ದು.

ಇಷ್ಟೆಲ್ಲ ಮಾಡಿದವನು ತಪ್ಪಿದ ಸ್ಥಳವೂ ಒಂದುಂಟು. ನನಗೆ ಅದೇ ಹೆಚ್ಚು ಬೋಧಪ್ರದವೆನಿಸುತ್ತದೆ. ಆಸ್ಮಿಯಂ ಲೋಹವು ನಾಲ್ಕು ಆಕ್ಸಿಜನ್ ಪರಮಾಣುಗಳೊಡನೆ ಕೂಡಿ ಎಂಟರ ವೇಲೆನ್ಸಿಯನ್ನು ತೋರಿಸುತ್ತದೆ. ಫ್ಲೋರಿನ್ ಆಕ್ಸಿಜನ್ನಿಗಿಂತ ಉಗ್ರವಾದುದು. ಆದುದರಿಂದ ಎಂಟು ಫ್ಲೋರಿನ್ನುಗಳ ಸಂಯುಕ್ತವೂ ಇರಲೇಬೇಕೆಂದು ತೋರುವುದು ಸಹಜ. 1913ರಲ್ಲಿ ರುಫ್ ಅಂಥ ಆಕ್ಟಾಫ್ಲೋರೈಡನ್ನು ಪಡೆದುದಾಗಿ ಪ್ರಕಟಿಸಿದನು. ಆಸ್ಮಿಯಮ್ಮಿನ ಪರಮಾಣು ತೂಕ 190, ಫ್ಲೋರಿನ್ನಿನದು 19. ಎಂಟು ಫ್ಲೋರಿನ್ನುಗಳಿದ್ದರೆ ಅಣುಭಾರ 342, ಫ್ಲೋರಿನ್ನಿನ ಪಾಲು ನೂರಕ್ಕೆ 44.4, ಆರಿದ್ದರೆ ಅಣುಭಾರ 304, ಪಾಲು 37.5. ಕಾಗದದ ಮೇಲೆ ಈ ಅಂತರ ಸಣ್ಣದಲ್ಲ. ಆದರೆ ಗಾಜಿನಲ್ಲಿರುವ ತೇವದ ಸೋಂಕಿಗೇ ಒಡೆದು, ಹೊಮ್ಮುವ ಆಮ್ಲದಿಂದ ಆ ಗಾಜನ್ನೇ ತಿನ್ನುವ ಪದಾರ್ಥವನ್ನು ಆ ಕಾಲದಲ್ಲಿ ತೂಗಿ ನೋಡುವುದು ಎಷ್ಟು ದುಸ್ತರವೆಂಬುದನ್ನು ಪ್ರಯೋಗಶಾಲೆಯಲ್ಲಿ ಕೈಸುಟ್ಟುಕೊಂಡವರು ಬಲ್ಲರು. ಆ ಸೂತ್ರವು ನಲವತ್ತೈದು ವರ್ಷ ಗ್ರಂಥಗಳಲ್ಲಿ ನಿಂತಿತು. 1958ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಶಾಲೆಯ ವೈನ್‌ಸ್ಟಾಕ್ ಮತ್ತು ಮಾಮ್ ಅದು ಹೆಕ್ಸಾಫ್ಲೋರೈಡೇ ಎಂದು ಸ್ಥಿರಪಡಿಸಿದರು. ಆಕ್ಟಾಫ್ಲೋರೈಡನ್ನು ಈವರೆಗೂ ಯಾರೂ ತಯಾರಿಸಿಲ್ಲ.

ಇದೇ ಆರ್ಗಾನ್ ತಂಡವು 1957ರಲ್ಲಿ ಪ್ಲಾಟಿನಂ ಹೆಕ್ಸಾಫ್ಲೋರೈಡನ್ನು ಪ್ರಕಟಿಸಿತ್ತು. 1962ರಲ್ಲಿ ಕೆನಡಾದಲ್ಲಿದ್ದ ನೀಲ್ ಬಾರ್ಟ್ಲೆಟ್ ಅದರ ಕೆಂಪು ಆವಿಯನ್ನು ಕ್ಸೆನಾನಿನೊಡನೆ ಬೆರೆಸಿದಾಗ ಹಳದಿ ಘನವು ಉಂಟಾಯಿತು. ಜಡಾನಿಲಗಳ ಜಡತ್ವ ಅಂದಿಗೆ ಮುಗಿಯಿತು. ರುಫ್ ಆ ವೇಳೆಗೆ ಗತಿಸಿ ಇಪ್ಪತ್ತಮೂರು ವರ್ಷಗಳಾಗಿದ್ದವು.