ಕರ್ಣನಾದ: ಒಂದು ಹಳೆಯ ವ್ಯಾಧಿಯ ಚರಿತ್ರೆ

ಕೆಲವು ವರ್ಷಗಳ ಹಿಂದೆ ದರ್ಶನಕ್ಕೆ ಬಂದಿದ್ದ ವೃದ್ಧ ಭಕ್ತರೊಬ್ಬರು ಎಲ್ಲರೂ ಹೋಗುವವರೆಗೆ ಕಾದು ಕುಳಿತು, "ಬುದ್ಧೀ, ಮೂರು ತಿಂಗಳಿಂದ ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಆಗ್ತಿದೆ. ಇದು ಅನಾಹತನಾದವೋ, ತಲೆ ಕೆಡುವ ಸೂಚನೆಯೋ?" ಎಂದು ಮೆಲ್ಲನೆ ಕೇಳಿದರು. ಎರಡೂ ಅಲ್ಲವೆಂದು ಸಮಾಧಾನ ಹೇಳಿ ಅವರನ್ನು ಕಿವಿಯ ವೈದ್ಯರಲ್ಲಿಗೆ ಕಳುಹಿಸಿದೆವು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ, ಗ್ರಂಥಗಳನ್ನು ತೆರೆಯಬೇಕಾಯಿತು.

ಸುಶ್ರುತಸಂಹಿತೆಯ ಉತ್ತರತಂತ್ರವು 28 ಕರ್ಣರೋಗಗಳನ್ನು ಎಣಿಸುವಲ್ಲಿ ಇದಕ್ಕೂ ಸ್ಥಾನ ಕೊಟ್ಟಿದೆ. ಶಬ್ದವನ್ನು ವಹಿಸುವ ನಾಡಿಗಳಲ್ಲಿ ವಾಯುವು ದಾರಿತಪ್ಪಿ ನಿಂತಾಗ ಬಗೆಬಗೆಯ ಧ್ವನಿಗಳು ಕೇಳಿಸುತ್ತವೆಂಬುದು ಅಲ್ಲಿನ ವಿವರಣೆ. ಮಾಧವನಿದಾನವು ಭೇರಿ, ಮೃದಂಗ, ಶಂಖಗಳ ಹೆಸರನ್ನೇ ಹೇಳಿ, ಕೊಳಲಿನಂಥ ಧ್ವನಿಯನ್ನು ಕರ್ಣಕ್ಷ್ವೇಡವೆಂದು ಬೇರ್ಪಡಿಸುತ್ತದೆ. ಹಠಯೋಗಪ್ರದೀಪಿಕೆಯ ನಾದಾನುಸಂಧಾನ ಪ್ರಕರಣದಲ್ಲಿಯೂ ಭೇರಿ, ಶಂಖ, ಕೊಳಲುಗಳು ಬರುವುದರಿಂದಲೇ ಭಕ್ತರಿಗೆ ಈ ಭ್ರಾಂತಿ. ಯೋಗಿಯು ಇಂದ್ರಿಯದ್ವಾರಗಳನ್ನು ಮುಚ್ಚಿ ತಾನಾಗಿ ಅರಸುವ ನಾದ ಅದು. ಕರೆಯದೆ ಬಂದು ನಿದ್ರೆ ಕೆಡಿಸುವುದು ಇದು. ಶಾಸ್ತ್ರಕಾರರು ಎರಡನ್ನೂ ಬೇರೆಬೇರೆ ಗ್ರಂಥಗಳಲ್ಲಿಟ್ಟರು, ಬೆರೆಸಿದವರು ನಾವು.

ಗ್ರೀಕರಲ್ಲಿ ಅರಿಸ್ಟಾಟಲನ ಹೆಸರಿನಲ್ಲಿ ಉಳಿದುಬಂದ ಪ್ರಶ್ನಸಂಗ್ರಹವೊಂದುಂಟು. ಕಿವಿಯ ಮೊರೆತವು ಹೊರಗೆ ಸದ್ದು ಮಾಡಿದೊಡನೆ ನಿಲ್ಲುವುದೇಕೆಂದು ಅದು ಕೇಳುತ್ತದೆ. ದೊಡ್ಡ ಶಬ್ದವು ಚಿಕ್ಕದನ್ನು ಓಡಿಸುತ್ತದೆ ಎಂಬುದು ಉತ್ತರ. ಇದನ್ನು ಚಿಕಿತ್ಸೆಯಾಗಿ ರೂಢಿಸಿದವನು ಪ್ಯಾರಿಸ್ಸಿನ ಕಿವುಡರ ಸಂಸ್ಥೆಯ ವೈದ್ಯ ಇಟಾರ್. ರೋಗಿಯ ಒಳಸದ್ದನ್ನು ಹೋಲುವ ಹೊರಸದ್ದನ್ನು ಒದಗಿಸಬೇಕೆಂದು ಅವನು 1821ರ ತನ್ನ ಗ್ರಂಥದಲ್ಲಿ ಬರೆದನು. ಒಬ್ಬನಿಗೆ ಉರಿಯುವ ಕಟ್ಟಿಗೆಯ ಸದ್ದು, ಇನ್ನೊಬ್ಬನಿಗೆ ತಾಮ್ರದ ಪಾತ್ರೆಗೆ ಬೀಳುವ ನೀರಿನ ಸದ್ದು. ಎಂಥ ಸರಳ ಮದ್ದು!

ಇದರ ಸಂಕಟವನ್ನು ಇತರರಿಗೂ ಕೇಳಿಸಿದವನು ಬೊಹೀಮಿಯದ ಸಂಗೀತಕಾರ ಸ್ಮೆತಾನಾ. 1874ರಲ್ಲಿ, ತನ್ನ ಐವತ್ತನೆಯ ವಯಸ್ಸಿನಲ್ಲಿ, ಅವನು ಪೂರ್ಣ ಕಿವುಡನಾದನು. ಹೊರಗಿನ ಶಬ್ದ ಅಡಗಿದರೂ ಒಳಗಿನದು ಅಡಗಲಿಲ್ಲ. 1876ರಲ್ಲಿ ನಾಲ್ಕು ತಂತಿವಾದ್ಯಗಳಿಗೆಂದು ರಚಿಸಿದ 'ನನ್ನ ಜೀವನದಿಂದ' ಎಂಬ ಕೃತಿಯ ಕೊನೆಯ ಭಾಗದಲ್ಲಿ, ಉಲ್ಲಾಸದ ನಡುವೆ ವಾದ್ಯಗಳು ಥಟ್ಟನೆ ನಿಂತು, ಪಿಟೀಲೊಂದು ತಾರಸ್ವರವನ್ನು ಬಿಡದೆ ಎಳೆಯುತ್ತದೆ. ಅದೇ ಅವನ ಕಿವಿಯ ಶಬ್ದ. ಆ ಸ್ಥಿತಿಯಲ್ಲಿಯೂ ಅವನು ತನ್ನ ನಾಡನ್ನು ಕುರಿತ ಮಹಾಕೃತಿಯನ್ನು ಮುಂದುವರಿಸಿ ಪೂರ್ಣಗೊಳಿಸಿದನೆಂಬುದು ನಮಗೆ ಅಚ್ಚರಿ.

1953ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬುವರು ಕಿವಿ ಚೆನ್ನಾಗಿದ್ದ 80 ಮಂದಿಯನ್ನು ನಿಶ್ಶಬ್ದ ಕೊಠಡಿಯಲ್ಲಿ ಕೂರಿಸಿ ಪರೀಕ್ಷಿಸಿದರು. ನೂರಕ್ಕೆ 94ರಷ್ಟು ಜನ ಏನೋ ಸದ್ದು ಕೇಳಿತೆಂದರು! ಶ್ರವಣನರವನ್ನೇ ಕತ್ತರಿಸಿದ ಮೇಲೂ ಹಲವರಿಗೆ ಶಬ್ದ ಉಳಿದಾಗ, ಅದರ ನೆಲೆ ಕಿವಿಯಷ್ಟೇ ಅಲ್ಲ, ಮೆದುಳೂ ಹೌದೆಂಬುದು ಮನವರಿಕೆಯಾಯಿತು. ಒಳಗಿವಿಯ ಸೂಕ್ಷ್ಮ ಕೋಶಗಳು ವಯಸ್ಸಿನಿಂದಲೋ ಗದ್ದಲದಿಂದಲೋ ನಷ್ಟವಾದಾಗ, ಬಾರದ ಶಬ್ದಕ್ಕಾಗಿ ಮೆದುಳು ತನ್ನ ಗ್ರಹಣವನ್ನು ಏರಿಸಿಕೊಳ್ಳುತ್ತದೆಂಬುದು ಇಂದಿನ ಮುಖ್ಯ ವಿವರಣೆ. 1990ರಲ್ಲಿ ಜಾಸ್ಟ್ರೆಬಾಫ್ ಎಂಬ ವಿಜ್ಞಾನಿ ಇನ್ನೊಂದು ಮಾತು ಸೇರಿಸಿದನು: ಶಬ್ದ ಬೇರೆ, ಅದರ ಬಾಧೆ ಬೇರೆ. ಭಯಪಟ್ಟು ಆಲಿಸಿದಷ್ಟೂ ಮೆದುಳು ಅದನ್ನು ಅಪಾಯವೆಂದು ಕಾಯುತ್ತದೆ. ಭಯ ತಗ್ಗಿದರೆ ಗಮನವೂ ಕ್ರಮೇಣ ಸರಿಯುತ್ತದೆ. ಶಬ್ದವನ್ನೇ ಅಳಿಸುವ ಗುಳಿಗೆ ಇನ್ನೂ ದೊರೆತಿಲ್ಲ. ಮನಸ್ಸಿನ ತರಬೇತಿಯಿಂದ ಬಾಧೆ ತಗ್ಗುವುದು ಮಾತ್ರ ಪರೀಕ್ಷೆಗಳಲ್ಲಿ ಕಂಡುಬಂದಿದೆ.

ನಮ್ಮ ಭಕ್ತರಿಗೆ ಶ್ರವಣಶಕ್ತಿ ಕುಂದಿರುವುದು ತಿಳಿದು ವೈದ್ಯರು ಶ್ರವಣಯಂತ್ರ ಕೊಡಿಸಿದರು. ರಾತ್ರಿ ಫ್ಯಾನಿನ ಸದ್ದಿನಲ್ಲಿ ಮಲಗುತ್ತಾರೆ. ಇಟಾರನ ಹೆಸರನ್ನು ಅವರು ಕೇಳಿಯೇ ಇಲ್ಲ. ಕೆಲವರಿಗೆ ಗುಗ್ಗೆ ಕಟ್ಟಿರುವುದೇ ಕಾರಣವಾಗಿರುತ್ತದೆ, ಕೆಲವರಿಗೆ ಹೆಚ್ಚಿದ ಆಸ್ಪಿರಿನ್ ಮಾತ್ರೆ. ಆದರೆ ಒಂದೇ ಕಿವಿಯಲ್ಲಿ ಶಬ್ದವಿದ್ದರೆ, ಅದು ನಾಡಿಯ ಬಡಿತದೊಡನೆ ಮಿಡಿದರೆ ತಪ್ಪದೆ ವೈದ್ಯರಿಗೆ ತೋರಿಸಬೇಕು. ಕಿವಿ ಹಠಾತ್ತನೆ ಮಂದವಾದರಂತೂ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು.